ಬೆಳೆದವರು ಎಲ್ಲಿ ನಿಲ್ಲಬೇಕು?

ಹೋದ ತಿಂಗಳು ನಮ್ಮ ಓದುಕೂಟಕ್ಕೆ ಬಂದ ಪಿಯುಸಿ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. ಅವಳ ಅಣ್ಣ ಚರ್ಚಿನವರು ನಡೆಸಿದ ಯುವ ನಾಯಕತ್ವ ಶಿಬಿರಕ್ಕೆ ಹತ್ತು ದಿನ ಹೋಗಿಬಂದಿದ್ದಾನೆ. ನಾಲ್ಕು ಜನರ ಮುಂದೆ ಬಾಯಿ ಬಿಡದವನು ಈಗ ಎದ್ದು ನಿಂತು ಮಾತಾಡುತ್ತಾನೆ. ಬೆಳಿಗ್ಗೆ ಬೇಗ ಏಳುತ್ತಾನೆ. ಡೈರಿ ಬರೆಯುತ್ತಾನೆ. ಎಲ್ಲ ಸರಿ. ಆದರೆ ಕಾಲೇಜಿನ ಗೆಳೆಯರು ಮನೆಗೆ ಬರುತ್ತೇವೆ ಅಂದರೆ ಬೇಡ ಅನ್ನುತ್ತಾನೆ. ಯಾವ ಬೀದಿ ಅಂತ ಕೇಳಿದರೆ ಪಕ್ಕದ ಬಡಾವಣೆಯ ಹೆಸರು ಹೇಳುತ್ತಾನೆ. "ಇದನ್ನ ಬೆಳೆಯೋದು ಅಂತಾರಾ ಸಾರ್?" ಅಂದಳು.

ನಮ್ಮಲ್ಲಿ ಯಾರೂ ತಟ್ಟನೆ ಉತ್ತರ ಹೇಳಲಿಲ್ಲ. ಆ ಅಣ್ಣ ನಮಗೆ ಹೊಸಬನಲ್ಲ. ನಲವತ್ತು ವರ್ಷದ ಹಿಂದೆ ನಾವೇ ಅವನಾಗಿದ್ದೆವು. ಆದ್ದರಿಂದ ಈ ಪ್ರಶ್ನೆಯನ್ನು ಆ ಹುಡುಗನ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಹಕ್ಕು ನಮಗಿಲ್ಲ. ನಮ್ಮನ್ನೇ ಮುಂದಿಟ್ಟುಕೊಂಡು ಯೋಚಿಸಬೇಕು.

ಮೊದಲು ಊರಿನ ಮಾತು. ಬೆಂಗಳೂರಿನಲ್ಲಿ ಬೆಳೆಯುವುದು ಅಂದರೆ ಹಳೆ ಪೇಟೆಯ ಇಕ್ಕಟ್ಟು ಬಿಟ್ಟು ಬಡಾವಣೆಗೆ ಹೋಗುವುದು ಅಂತ ಒಂದು ಅರ್ಥ ಮೊದಲಿನಿಂದ ಇದೆ. 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರಲ್ಲಿ ಪ್ಲೇಗು ಬಂದು ಜನ ಪೇಟೆ ಬಿಟ್ಟು ಓಡಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಎದ್ದವು. ಅಗಲವಾದ ರಸ್ತೆ, ಗಾಳಿ ಬೆಳಕು, ಮನೆ ಮುಂದೆ ತೆಂಗಿನಮರ. ಆದರೆ ಆ ಗಾಳಿ ಬೆಳಕನ್ನು ಜಾತಿವಾರು ಲೆಕ್ಕ ಹಾಕಿ ಹಂಚಿದರು ಅನ್ನುವುದು ಚರಿತ್ರೆಯಲ್ಲಿ ದಾಖಲಾಗಿದೆ. ನಮ್ಮ ಜನ ಆ ಬಡಾವಣೆಗಳಿಗೆ ಬಂದದ್ದು ನಿವೇಶನದ ಪತ್ರ ಹಿಡಿದು ಅಲ್ಲ, ಪೊರಕೆ ಹಿಡಿದು, ಮಣ್ಣಿನ ಮಂಕರಿ ಹೊತ್ತು. ಬಡಾವಣೆ ಬೆಳೆದಷ್ಟೂ ಅದರ ಅಂಚಿನ ಮೋರಿ ಪಕ್ಕ ನಮ್ಮ ಕೇರಿಗಳೂ ಬೆಳೆದವು.

ಇದೇ ಊರಿನಲ್ಲಿ ಮಿಷನ್ ಕಾಂಪೌಂಡುಗಳೂ ಇದ್ದವು. ಕಾರ್ಪೊರೇಷನ್ ಹತ್ತಿರ ಹಡ್ಸನ್ ಚರ್ಚು, ಅವೆನ್ಯೂ ರಸ್ತೆಯಲ್ಲಿ ರೈಸ್ ಚರ್ಚು, ಮಲ್ಲೇಶ್ವರದಲ್ಲಿ ಪಾಂಡಿಚೇರಿಯಿಂದ 1934ರಲ್ಲಿ ಬಂದ ಸೇಂಟ್ ಪೀಟರ್ಸ್ ಸೆಮಿನರಿ, ಮಿಷನ್ ರಸ್ತೆಯಲ್ಲಿ ಶಾಲೆಗಳು, ಹಾಸ್ಟೆಲುಗಳು. 1912ರಲ್ಲಿ ಹುಟ್ಟಿದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟಿನ ಕಚೇರಿಯೂ ಮಿಷನ್ ರಸ್ತೆಯ ಕಡೆಗೇ. ಅಗ್ರಹಾರದ ಶಾಲೆ ನಮ್ಮವರನ್ನು ಜಗಲಿಯಾಚೆ ನಿಲ್ಲಿಸಿದ್ದ ಕಾಲದಲ್ಲಿ ಸ್ಲೇಟು ಬಳಪ ಕೊಟ್ಟು ಒಳಗೆ ಕೂರಿಸಿದ ಮಿಷನರಿಗಳನ್ನು ಮರೆತರೆ ನಾವು ಮನುಷ್ಯರಲ್ಲ. ಮತಾಂತರದ ಆಸೆಗೆ ಮಾಡಿದರು ಅಂತ ಹೇಳುವವರಿಗೆ ನಮ್ಮದೊಂದೇ ಮಾತು: ಯಾವ ಆಸೆಯೂ ಇಲ್ಲದೆ ನಮಗೆ ಅಕ್ಷರ ಕಲಿಸಲು ನೀವು ಯಾಕೆ ಬರಲಿಲ್ಲ?

ಈಗ ನಮ್ಮ ಕತೆ.

1983ರ ಬೇಸಿಗೆ. ನಾವು ಎಂಟು ಹುಡುಗರು, ಚಾಮರಾಜಪೇಟೆಯ ಅಂಚಿನಲ್ಲಿ ಮೈಸೂರು ರಸ್ತೆಯ ಕಡೆಗೆ ಇಳಿಯುವ ಒಂದು ಕೇರಿಯವರು. ಅಪ್ಪಂದಿರು ಮಾಗಡಿ, ಕನಕಪುರದ ಕಡೆಯಿಂದ ಬಂದವರು. ಐವರ ಮನೆಯಲ್ಲಿ ಶಿಲುಬೆ, ಮೂವರ ಮನೆಯಲ್ಲಿ ಮಾರಮ್ಮ. ಆದರೆ ನಲ್ಲಿ ಒಂದೇ, ಮೋರಿ ಒಂದೇ, ಮೇಲಿನ ಬೀದಿಯವರು ಕರೆಯುವ ಹೆಸರೂ ಒಂದೇ. ಚರ್ಚಿನ ಕಡೆಯವರು ನಡೆಸುತ್ತಿದ್ದ ನಾಯಕತ್ವ ಶಿಬಿರಕ್ಕೆ ನಮ್ಮನ್ನು ಆರಿಸಿದರು. ಊರೊಳಗೇ, ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಸಂಸ್ಥೆಯ ಹೆಸರು ಇಲ್ಲಿ ಬೇಡ. ದೋಷ ಒಂದು ಸಂಸ್ಥೆಯದಲ್ಲ.

ಅಲ್ಲಿ ನಮಗೆ ಸಿಕ್ಕಿದ್ದನ್ನು ಪ್ರಾಮಾಣಿಕವಾಗಿ ಹೇಳಬೇಕು. ಬದುಕಿನಲ್ಲಿ ಮೊದಲ ಸಲ ಒಬ್ಬ ಓದಿದ ಮನುಷ್ಯ ನಮ್ಮನ್ನು "ನೀವೇನಂತೀರಿ?" ಅಂತ ಕೇಳಿದ. ಕೇಳಿ, ಉತ್ತರ ಬರುವ ತನಕ ಕಾದ. ಆ ಬ್ರದರ್ ನಮಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು ಅಷ್ಟೆ. ಮೊದಲ ಸಲ ಕುರ್ಚಿಗಳನ್ನು ಸಾಲಾಗಿ ಹಾಕದೆ ದುಂಡಗೆ ಹಾಕಿದ್ದನ್ನು ಕಂಡೆವು. ದುಂಡಗೆ ಕೂತರೆ ಹಿಂದಿನ ಬೆಂಚು ಅನ್ನುವುದೇ ಇರುವುದಿಲ್ಲ. ಶಾಲೆಯಲ್ಲಿ ಹಿಂದಿನ ಬೆಂಚೇ ನಮ್ಮ ಊರಾಗಿತ್ತು. ಮೂರು ಹೊತ್ತು ಹೊಟ್ಟೆ ತುಂಬ ಊಟ, ಯಾರೂ ಎತ್ತಿ ಸುರಿಯದೆ ಕೈಗೆ ಕೊಟ್ಟ ತಟ್ಟೆ. ತಪ್ಪು ಇಂಗ್ಲಿಷು ಮಾತಾಡಿದರೆ ಯಾರೂ ನಗಲಿಲ್ಲ. ನಮ್ಮ ಬೆನ್ನು ನೆಟ್ಟಗಾದದ್ದು ಅಲ್ಲಿ. ಮುಂದೆ ಸಂಘಟನೆಗೆ ಬಂದಾಗ, ಡಿಸಿ ಕಚೇರಿ ಮುಂದೆ ಮೈಕು ಹಿಡಿದಾಗ, ಆ ದುಂಡು ಕುರ್ಚಿಯ ಬಲ ನಮ್ಮ ಗಂಟಲಲ್ಲಿತ್ತು.

ಅವರು ಕಲಿಸಿದ ವಿಧಾನಕ್ಕೆ ಮೂರು ಮಾತು: ನೋಡು, ತೂಗು, ಮಾಡು. ಇದನ್ನು ಕಟ್ಟಿದವರು ಬೆಲ್ಜಿಯಮ್ ದೇಶದ ಜೋಸೆಫ್ ಕಾರ್ಡೈನ್ ಅನ್ನುವ ಪಾದ್ರಿ. 1925ರಲ್ಲಿ ಕೂಲಿ ಹುಡುಗ ಹುಡುಗಿಯರಿಗಾಗಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ಮಾಡಿದವರು. ಅವರೂ ಬಡವರ ಮನೆಯವರೇ. ಜತೆಯ ಹುಡುಗರು ಫ್ಯಾಕ್ಟರಿಗೆ ಹೋದಾಗ ಇವರು ಹಟ ಹಿಡಿದು ಸೆಮಿನರಿಗೆ ಹೋದರು. ರಜಕ್ಕೆ ಊರಿಗೆ ಬಂದರೆ ಹಳೆಯ ಗೆಳೆಯರು ದೂರ ಸರಿದರು. ಇವನು ಈಗ ನಮ್ಮವನಲ್ಲ, ಆ ಕಡೆಯವನು ಅಂತ. 1903ರಲ್ಲಿ, ದುಡಿದು ದುಡಿದು ಸವೆದ ಅಪ್ಪ ತೀರಿಕೊಂಡಾಗ, ಆ ಹೆಣದ ಪಕ್ಕ ಕೂತು ತನ್ನ ಬಾಳು ದುಡಿಯುವ ಜನರಿಗೆ ಅಂತ ಕಾರ್ಡೈನ್ ಮಾತು ಕೊಟ್ಟುಕೊಂಡರು. ಅಂದರೆ ಈ ನಾಯಕತ್ವ ಶಿಬಿರದ ಮೂಲದಲ್ಲೇ ನಮ್ಮ ಹುಡುಗಿಯ ಪ್ರಶ್ನೆ ಇದೆ. ಓದಿ ಬೆಳೆದವನನ್ನು ಕಂಡು ಅವನ ಬೀದಿಯವರೇ ಯಾಕೆ ದೂರ ಸರಿಯುತ್ತಾರೆ? ಬ್ರದರ್ ನಮಗೆ ಮೂರು ಮಾತು ಕಲಿಸಿದರು. ಈ ಕತೆ ಹೇಳಲಿಲ್ಲ. ನಾವು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆವು.

ಇನ್ನು ಮೂರನೇ ದಿನದ ಮಾತು.

ಮಧ್ಯಾಹ್ನ ಗುಂಪು ಚರ್ಚೆ. ವಿಷಯ 'ನಮ್ಮ ಸುತ್ತಲಿನ ಅನ್ಯಾಯ'. ನಮ್ಮಲ್ಲೊಬ್ಬ ಚಾರ್ಟಿನ ಮುಂದೆ ನಿಂತು ಮಾತಾಡುತ್ತಿದ್ದ. ಒಳ್ಳೆಯ ಮಾತು. ಬಡತನ, ಕುಡಿತ, ನಿರುದ್ಯೋಗ ಎಲ್ಲ ಬಂತು. ಆಗ ಹಾಲಿನ ಹಿಂಬಾಗಿಲಿಂದ ಬಕೆಟ್ಟು, ಪೊರಕೆ ಹಿಡಿದು ಒಬ್ಬ ಹೆಂಗಸು ಬಂದು ನೆಲ ಸಾರಿಸಲು ಶುರುಮಾಡಿದಳು. ಅವಳು ಅವನ ಚಿಕ್ಕವ್ವ. ಅವ್ವ ಸತ್ತ ಮೇಲೆ ಅವನನ್ನು ಸಾಕಿದವಳು. ದಿನಗೂಲಿ ಕೆಲಸದವಳೊಬ್ಬಳಿಗೆ ಜ್ವರ ಬಂದು, ಬದಲಿಗೆ ಇವಳನ್ನು ಕಳಿಸಿದ್ದರು. ಅವನು ನೋಡಿದ. ನಾವೂ ನೋಡಿದೆವು. ಅವನ ಮಾತು ಒಂದು ಗಳಿಗೆ ನಿಂತು ಮತ್ತೆ ಸಾಗಿತು. ಅವಳು ನಮ್ಮ ಕುರ್ಚಿಗಳ ಹತ್ತಿರ ಬಂದಾಗ ಎಲ್ಲರೂ ಕಾಲು ಮೇಲೆತ್ತಿದರು. ನಾವೂ ಎತ್ತಿದೆವು. ಅವಳು ಸಾರಿಸಿಕೊಂಡು ಹೋದಳು. ಎಂಟು ಜನರಲ್ಲಿ ಒಬ್ಬನೂ "ಚಿಕ್ಕವ್ವಾ" ಅನ್ನಲಿಲ್ಲ. ಆ ಸಂಜೆ ಒಳ್ಳೆಯ ಮಾತುಗಾರ ಅಂತ ಅವನಿಗೆ ಬಹುಮಾನ ಬಂತು. ನಾವು ಚಪ್ಪಾಳೆ ತಟ್ಟಿದೆವು. ಅವನು ಯಾರು ಅಂತ ಹೇಳುವುದು ಬೇಡ, ಆ ದಿನ ಎಂಟು ಜನವೂ ಅವನೇ.

ನೋಡು ಅಂತ ಹೇಳಿಕೊಟ್ಟ ಜಾಗದಲ್ಲೇ ನಾವು ನೋಡದಿರುವುದನ್ನು ಕಲಿತೆವು. ಇದು ಹೇಗಾಯಿತು?

ಹೇಡಿಗಳು, ಅದಕ್ಕೇ ಹಾಗಾಯಿತು ಅನ್ನಬಹುದು. ಇದು ಅರ್ಧ ಸತ್ಯ. ಹದಿನೇಳು ವರ್ಷದ ಹುಡುಗನಿಗೆ ನಾಚಿಕೆ ತಾನಾಗಿ ಹುಟ್ಟುವುದಿಲ್ಲ. ಯಾರೋ ಕಲಿಸಿರುತ್ತಾರೆ. ಮೇಲಿನ ಬೀದಿ ಕಲಿಸಿತ್ತು, ಶಾಲೆ ಕಲಿಸಿತ್ತು, ಸರ್ಕಾರದ ಕಾನೂನೂ ಕಲಿಸಿತ್ತು. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತ ದಲಿತರು, ಮುಸ್ಲಿಮ ದಲಿತರು ಹೊರಗೇ ಉಳಿದರು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾದದ್ದೇ ಈ ಪ್ರಶ್ನೆಯನ್ನು ಮತ್ತೆ ನೋಡಲಿಕ್ಕೆ. ಇದರಿಂದ ನಮ್ಮ ಕೇರಿಯಲ್ಲಿ ಏನಾಯಿತು? ಶಾಲೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ಚರ್ಚಿನ ರಿಜಿಸ್ಟರಿನಲ್ಲಿ ಇನ್ನೊಂದು. ಒಂದು ಕಡೆ ದೇವರನ್ನು ಬಚ್ಚಿಡು, ಇನ್ನೊಂದು ಕಡೆ ಜಾತಿಯನ್ನು ಬಚ್ಚಿಡು. ಬಚ್ಚಿಡುವುದೇ ಬದುಕಾಗಿದ್ದ ಮಕ್ಕಳು ಒಂದು ಹಾಲಿನಲ್ಲಿ ಚಿಕ್ಕವ್ವನನ್ನೂ ಬಚ್ಚಿಟ್ಟರು.

ಶಿಬಿರವೂ ಕಲಿಸಿತ್ತು. ಎರಡನೇ ದಿನ ನಮ್ಮಲ್ಲೊಬ್ಬ ಜಾತಿಯ ಮಾತು ಎತ್ತಿದಾಗ "ಕ್ರಿಸ್ತನಲ್ಲಿ ಜಾತಿ ಇಲ್ಲ" ಅಂತ ಉತ್ತರ ಬಂತು. ಕ್ರಿಸ್ತನಲ್ಲಿ ಇಲ್ಲ, ಒಪ್ಪಿದೆವು. ಸ್ಮಶಾನದಲ್ಲಿ? ಮದುವೆಯಲ್ಲಿ? ದಕ್ಷಿಣ ಭಾರತದ ಎಷ್ಟು ಊರುಗಳಲ್ಲಿ ಒಂದೇ ಚರ್ಚಿನ ಎರಡು ಜಾತಿಗೆ ಎರಡು ಗೋರಿಗುಂಡಿಯ ಜಾಗ ಇರಲಿಲ್ಲ? ಈ ಮಾತನ್ನು ಚರ್ಚಿನ ಒಳಗಿನವರೇ ಎತ್ತಿದ್ದಾರೆ ಅನ್ನುವುದು ಆಗ ನಮಗೆ ಗೊತ್ತಿರಲಿಲ್ಲ. ನಮ್ಮ ಶಿಬಿರಕ್ಕೆ ಎರಡು ವರ್ಷ ಮುಂಚೆ, 1981ರಲ್ಲಿ, ಇದೇ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರರ ದೈವಶಾಸ್ತ್ರ ಬೇಕು ಅಂತ ಭಾಷಣ ಮಾಡಿದ್ದರು. ಭಾರತದ ಕ್ರೈಸ್ತ ಚಿಂತನೆ ಬ್ರಾಹ್ಮಣ ಪರಂಪರೆಯ ಜತೆ ಸಂವಾದ ಮಾಡುವುದರಲ್ಲೇ ಕಾಲ ಕಳೆದು, ಚರ್ಚಿನೊಳಗೆ ಕೂತಿರುವ ಬಹುಪಾಲು ದಲಿತರ ನೋವನ್ನು ಕೇಳಲೇ ಇಲ್ಲ ಅನ್ನುವುದು ಅವರ ವಾದ. ದಲಿತ ದೈವಶಾಸ್ತ್ರ ಅಂತ ಮುಂದೆ ಬೆಳೆದದ್ದು ಅಲ್ಲಿಂದ. ಮಿಲ್ಲರ್ಸ್ ರಸ್ತೆಯ ಆ ಮಾತು ಮೈಸೂರು ರಸ್ತೆಯ ಹುಡುಗರಿಗೆ ಬಂದು ಮುಟ್ಟಲು ಇಷ್ಟು ವರ್ಷ ಹಿಡಿಯಿತು. ಊರು ಒಂದೇ.

ಇಷ್ಟು ಹೇಳಿ ಚರ್ಚಿನವರನ್ನು ಬೈದು ಮುಗಿಸಿದರೆ ನಾವು ಸುಳ್ಳುಗಾರರು. ಬಯಲಲ್ಲಿ ನಿಂತು ಕಲ್ಲು ಹೊಡೆಯುವುದು ಸುಲಭ. ನಮ್ಮ ಮನೆಗೂ ಗಾಜಿನ ಕಿಟಕಿ ಇದೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂದಾಗ ಚಾಮರಾಜಪೇಟೆಯ ಪರಿಷತ್ತು ಒಪ್ಪಲಿಲ್ಲ. ಅದಕ್ಕೇ ಬಂಡಾಯದ ಸಮಾವೇಶ ಬೆಂಗಳೂರಿನಲ್ಲಿ ನಡೆಯಿತು. ಜಾಗ ಕೊಡದವರ ಎದುರು ನಾವೇ ಜಾಗ ಮಾಡಿಕೊಂಡ ಹೆಮ್ಮೆ ಇಂದಿಗೂ ಇದೆ. ಆದರೆ ನಾವು ಮಾಡಿದ ಅಧ್ಯಯನ ಶಿಬಿರಗಳಲ್ಲಿ ಅಡಿಗೆ ಮಾಡಿದವರು ಯಾರು? ನಾವು ಬಂಡವಾಳಶಾಹಿ, ಪುರೋಹಿತಶಾಹಿ ಅಂತ ರಾತ್ರಿ ಎರಡರವರೆಗೆ ಚರ್ಚೆ ಮಾಡುವಾಗ ಪಾತ್ರೆ ತೊಳೆದವರು ಯಾರು? ನಮ್ಮ ಅಕ್ಕತಂಗಿಯರು. ಅವರ ಕೈಗೆ ಮೈಕು ಎಷ್ಟು ಸಲ ಹೋಯಿತು? ನಾಯಕರು ಬೆಳೆದರು, ಬಣಗಳು ಬೆಳೆದವು, ಸಂಘಟನೆ ಒಡೆಯಿತು. ಕಾಲು ಮೇಲೆತ್ತುವ ವಿದ್ಯೆ ನಮ್ಮಲ್ಲೂ ಇದೆ.

ಹಾಗಾದರೆ ಬೆಳೆಯುವುದು ಅಂದರೇನು?

ಒಂದು ಆಕ್ಷೇಪವನ್ನು ಮೊದಲೇ ಎದುರಿಸಬೇಕು. ನಮ್ಮ ಓದುಕೂಟದಲ್ಲೇ ಒಬ್ಬ ಗೆಳೆಯ ಎತ್ತಿದ ಮಾತು ಇದು. "ಬಸವನಗುಡಿಯ ಹುಡುಗ ಓದಿ ಅಮೆರಿಕಕ್ಕೆ ಹೋದರೆ ನಿನ್ನ ಬೀದಿಗೆ ಏನು ಮಾಡಿದೆ ಅಂತ ಅವನನ್ನು ಯಾರೂ ಕೇಳೋದಿಲ್ಲ. ನಮ್ಮ ಹುಡುಗ ಮಾತ್ರ ಯಾಕೆ ಜೀವನಪೂರ್ತಿ ಕೇರಿಯನ್ನ ಬೆನ್ನ ಮೇಲೆ ಹೊತ್ತು ತಿರುಗಬೇಕು? ಅವನಿಗೂ ಒಂದು ಮನೆ, ಒಂದು ನಿದ್ದೆ ಬೇಡವಾ?" ಈ ಮಾತಿನಲ್ಲಿ ನ್ಯಾಯ ಇದೆ. ಶತಮಾನಗಳಿಂದ ಹೊತ್ತವನ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟು ಅದಕ್ಕೆ ಸಮಾಜಸೇವೆ ಅಂತ ಹೆಸರು ಕೊಡುವುದು ಹೊಸ ಬಿಟ್ಟಿಚಾಕರಿ. ಕೇರಿ ಬಿಟ್ಟವನೆಲ್ಲ ದ್ರೋಹಿ ಅಂತ ನಾವು ಹೇಳುವುದಿಲ್ಲ. ಕೇರಿ ಇರಬಾರದು ಅಂತಲೇ ಅಲ್ಲವೇ ನಮ್ಮ ಹೋರಾಟ?

ಆದರೆ ಬಿಡುವುದು ಬೇರೆ, ಬಚ್ಚಿಡುವುದು ಬೇರೆ. ಬಿಟ್ಟವನಿಗೆ ಹಿಂದೆ ತಿರುಗಿ ನೋಡಲು ಹೆದರಿಕೆ ಇಲ್ಲ. ಬಚ್ಚಿಟ್ಟವನು ಯಾವಾಗಲೂ ಬಾಗಿಲ ಕಡೆ ಕಣ್ಣಿಟ್ಟಿರುತ್ತಾನೆ, ಯಾರು ಬಕೆಟ್ಟು ಹಿಡಿದು ಬರುತ್ತಾರೋ ಅಂತ. ಬಸವನಗುಡಿಯ ಹುಡುಗ ಹಿಂಬಾಗಿಲಿಗೆ ಹೆದರಬೇಕಾಗಿಲ್ಲ. ಅವನ ಅತ್ತೆ ಬಂದರೆ ಮುಂಬಾಗಿಲಿಂದ ಬರುತ್ತಾಳೆ. ನಮ್ಮ ಹುಡುಗನಿಗೆ ಆ ಹೆದರಿಕೆ ಇರುವ ತನಕ ಅವನು ಎಷ್ಟು ಚೆನ್ನಾಗಿ ಮಾತಾಡಿದರೂ ಬೆಳೆದವನಲ್ಲ. ತಪ್ಪಿಸಿಕೊಂಡಿದ್ದಾನೆ ಅಷ್ಟೆ. ರಾಗಿ ಹೊಲದವರಿಗೆ ಗೊತ್ತು, ಪೈರು ಎದೆಮಟ್ಟ ಬೆಳೆದರೂ ತೆನೆ ಕಟ್ಟದಿದ್ದರೆ ಕೊಯ್ದು ದನಕ್ಕೆ ಹಾಕುತ್ತಾರೆ. ಎತ್ತರ ಮಾತ್ರ ನೋಡಿ ಬೆಳೆ ಅನ್ನುವುದಿಲ್ಲ.

ಆದ್ದರಿಂದ ನಮಗೆ ತೋಚಿದ ಅಳತೆಗೋಲು ಇದು. ಒಬ್ಬ ಬೆಳೆದಿದ್ದಾನೋ ಇಲ್ಲವೋ ಅನ್ನುವುದನ್ನು ಅವನು ಎಷ್ಟು ಜನರ ಮುಂದೆ ಮಾತಾಡಬಲ್ಲ ಅನ್ನುವುದರಿಂದ ಅಳೆಯಬೇಡಿ. ತುಂಬಿದ ಹಾಲಿನಲ್ಲಿ ತನ್ನವರನ್ನು ಹೆಸರಿಟ್ಟು ಕರೆಯಬಲ್ಲನೇ ಅಂತ ನೋಡಿ.

ಇಷ್ಟಕ್ಕೆ ನಿಂತರೆ ಭಾರವೆಲ್ಲ ಆ ಹುಡುಗನ ಮೇಲೇ ಬಿತ್ತು. ಅದು ಅನ್ಯಾಯ. ಅಳತೆಗೋಲನ್ನು ಹಾಲಿಗೂ ಹಿಡಿಯಬೇಕು. ಚಿಕ್ಕವ್ವಾ ಅಂತ ಕರೆದರೆ ಮಾನ ಹೋಗುವಂಥ ಹಾಲು ಕಟ್ಟಿದವರು ಯಾರು? ಪವಿತ್ರ ಗುರುವಾರ ಚರ್ಚಿನಲ್ಲಿ ಗುರುಗಳು ಬಗ್ಗಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಆಳು ಮಾಡುವ ಕೆಲಸವನ್ನು ಗುರು ಮಾಡಿದ ಅನ್ನುವುದೇ ಆ ಕತೆಯ ಕಿಚ್ಚು. ಪಾದ ತೊಳೆದ ನೀರು ಚೆಲ್ಲಿದ ಮೇಲೆ ಆ ನೆಲವನ್ನು ಒರೆಸುವವರು ಯಾರು? ಅದೇ ಕೈ, ಅದೇ ಬಕೆಟ್ಟು. ವರ್ಷಕ್ಕೊಂದು ದಿನದ ಆಚರಣೆ ವರ್ಷವಿಡೀ ನಡೆಯುವ ವ್ಯವಸ್ಥೆಯನ್ನು ಮುಟ್ಟದಿದ್ದರೆ ಅದು ನಾಟಕವಾಗುತ್ತದೆ. ಇದನ್ನು ನಾವು ಕ್ರೈಸ್ತರಿಗೆ ಮಾತ್ರ ಹೇಳುತ್ತಿಲ್ಲ. ಏಪ್ರಿಲ್ 14ರಂದು ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿ ಮಾರನೇ ದಿನ ಬೀದಿ ಗುಡಿಸುವವರಿಗೆ ಬಿಡಿಗಾಸು ಬಾಕಿ ಇಡುವ ಕಚೇರಿಗಳಿಗೂ ಹೇಳುತ್ತಿದ್ದೇವೆ. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ, 2013ರಲ್ಲಿ ದೆಹಲಿಯಲ್ಲಿ ಕಾನೂನುಗಳು ಬಂದವು. ಆಮೇಲೂ ಮ್ಯಾನ್‌ಹೋಲಿನಲ್ಲಿ ಇಳಿದು ಸತ್ತವರು ಯಾವ ಬೀದಿಯವರು ಅಂತ ನಾವು ಬಿಡಿಸಿ ಹೇಳಬೇಕೆ?

ನಮ್ಮ ಓದುಗರಲ್ಲಿ ಹಳ್ಳಿಶಾಲೆಯ ಮೇಷ್ಟ್ರುಗಳು ಬಹಳ. ನೀವೂ ಬೇಸಿಗೆ ಶಿಬಿರ ಮಾಡುತ್ತೀರಿ, ಎನ್ನೆಸ್ಸೆಸ್ ಕ್ಯಾಂಪು ಮಾಡುತ್ತೀರಿ, ವ್ಯಕ್ತಿತ್ವ ವಿಕಸನ ಅಂತ ಬ್ಯಾನರು ಕಟ್ಟುತ್ತೀರಿ. ಮಾಡಿ. ಕುರ್ಚಿಯನ್ನು ದುಂಡಗೆ ಹಾಕಿ. ಹಿಂದಿನ ಬೆಂಚಿನ ಹುಡುಗಿಯನ್ನು "ನೀನೇನಂತೀಯವ್ವ?" ಅಂತ ಕೇಳಿ, ಉತ್ತರ ಬರುವ ತನಕ ಕಾಯಿರಿ. ಆ ಕಾಯುವಿಕೆಯ ಬೆಲೆ ನಮಗೆ ಗೊತ್ತು. ಆದರೆ ಕಕ್ಕಸು ತೊಳೆಯುವುದನ್ನೂ ಎಲ್ಲರಿಗೂ ಸರದಿಯಲ್ಲಿ ಹಚ್ಚಿ. ಮೇಲಿನ ಕೇರಿಯ ಹುಡುಗನಿಂದ ಶುರುಮಾಡಿ. ಅಡಿಗೆಯವರನ್ನು, ಗುಡಿಸುವವರನ್ನು ಒಂದು ಮಧ್ಯಾಹ್ನ ಆ ದುಂಡಿನೊಳಗೆ ಕೂರಿಸಿ. ಭಾಷಣ ಮಾಡಿಸಲಿಕ್ಕೆ ಬೇಡ. ಅವರ ಕೂಲಿ ಎಷ್ಟು, ಯಾವಾಗ ಸಿಗುತ್ತದೆ ಅಂತ ಮಕ್ಕಳು ಕೇಳಿ ತಿಳಿಯಲಿ. ನೋಡು ಅನ್ನುವ ಪಾಠ ಆಗ ಶುರುವಾಗುತ್ತದೆ.

ಕೊನೆಗೆ ಚಿಕ್ಕವ್ವನ ಮಾತು. ಇಪ್ಪತ್ತು ವರ್ಷ ನಾವು ಆ ಮಧ್ಯಾಹ್ನದ ಬಗ್ಗೆ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಅವಳು ಹಾಸಿಗೆ ಹಿಡಿದಾಗ ನೋಡಲು ಹೋದೆವು. ಅವಳ ಮಗನಂತಿದ್ದವನು ಕಾಲ ಬಳಿ ಕೂತು, ಅವತ್ತು ನಿನ್ನ ಕಂಡೂ ಮಾತಾಡಿಸಲಿಲ್ಲ ಚಿಕ್ಕವ್ವ, ಅಂತ ಅತ್ತ. ಅವಳು ಹೇಳಿದ್ದು ಇಷ್ಟು: "ನಾನೂ ಕಂಡೆ ಕಣ್ ಮಗ. ನಾನು ಮಾತಾಡ್ಸುದ್ರೆ ನಿಂಗೆ ಕೊಡೋ ಬೌಮಾನ ಎಲ್ಲಿ ಕೊಡ್ದೆ ಇದ್ಬುಡ್ತಾರೋ ಅಂತ ನಾನೇ ಮಕ ತಿರುಗುಸ್ಕಂಡೆ."

ಅವತ್ತು ಆ ಹಾಲಿನಲ್ಲಿ ಎಲ್ಲವನ್ನೂ ನೋಡಿದವಳು, ತೂಗಿದವಳು, ಮಾಡಿದವಳು ಅವಳೊಬ್ಬಳೇ. ಆದರೆ ಅವಳು ಮಾಡಿದ್ದು ತ್ಯಾಗ ಅಂತ ಹಾಡಿ ಹೊಗಳಲು ನಮಗೆ ಮನಸ್ಸಿಲ್ಲ. ಮಕ್ಕಳು ಬೆಳೆಯಲಿ ಅಂತ ತಾಯಂದಿರು ಮುಖ ತಿರುಗಿಸಿಕೊಳ್ಳಬೇಕಾದ ಸಮಾಜ ಹೊಗಳಿಕೆಗೆ ಯೋಗ್ಯವಲ್ಲ, ಅದು ಬದಲಾಗಬೇಕು.

ಆ ಪಿಯುಸಿ ಹುಡುಗಿಗೆ ಈ ವಾರ ಉತ್ತರ ಹೇಳಬೇಕಾಗಿದೆ. ನಿನ್ನ ಅಣ್ಣನನ್ನು ಬೈಯಬೇಡ ತಾಯಿ, ಅವನು ಕಲಿತದ್ದು ಸುಳ್ಳಲ್ಲ, ಅರ್ಧ ಅಷ್ಟೆ ಅಂತ ಹೇಳುತ್ತೇವೆ. ಉಳಿದ ಅರ್ಧವನ್ನು ಕಲಿಸಲು ಅವನನ್ನು ಒಂದು ಭಾನುವಾರ ನಮ್ಮ ಕೂಟಕ್ಕೆ ಕರೆದುಕೊಂಡು ಬಾ. ಬರುವಾಗ ನಿಮ್ಮ ಅವ್ವನನ್ನೂ ಕರೆತರಲಿ. ಮುಂಬಾಗಿಲಿಂದಲೇ ಬರಲಿ.